ಐದು ದಿನ ಕೊಟ್ಟಿದ್ದರೂ

ಕಿವಿಯೊಳಗೆ ಹೆಂಗಸು ಕೆಮ್ಮಿದಳು, ಪುದೀನ ಮಿಠಾಯಿಯನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿದಳು, ಅದು ಹಲ್ಲಿಗೆ ತಾಗಿ ಟಕ್ಕೆಂದದ್ದು ನನ್ನ ಬುರುಡೆಯೊಳಗೇ ಆದ ಹಾಗಿತ್ತು — ಹೆಡ್‌ಫೋನಿನ ಸ್ಪಂಜಿಗೆ ಬೇರೆ ಯಾರದೋ ತಲೆಯೆಣ್ಣೆಯ ಕಮಟು, ನನಗಿಂತ ಮೊದಲು ಇದನ್ನು ಹಾಕಿಕೊಂಡವನಿಗೆ ಎಷ್ಟು ವರ್ಷ ಬಿತ್ತೋ ಏನೋ, ಅವನ ಎಣ್ಣೆ ಈಗ ನನ್ನ ಕಿವಿಗೆ, ಥೂ — ಗಾಜಿನ ಗೂಡಿನಲ್ಲಿ ಕೂತ ಈ ದುಭಾಷಿಯ ಕೆಲಸ ಇಷ್ಟೇ, ವಕೀಲರು ಇಂಗ್ಲಿಷಿನಲ್ಲಿ ಉಗುಳಿದ್ದನ್ನು ಸ್ಪ್ಯಾನಿಷಿನಲ್ಲಿ ನನ್ನ ಕಿವಿಗೆ ಸುರಿಯುವುದು, ನಾನು ಸ್ಪ್ಯಾನಿಷಿನಲ್ಲಿ ಹೇಳಿದ್ದನ್ನು ಇಂಗ್ಲಿಷು ಮಾಡಿ ಅವರಿಗೆ ಬಡಿಸುವುದು, ಏನು ನಾಟಕ ಮಾರಾಯ ಇದು, ಈ ಕೋಣೆಯಲ್ಲಿ ಸ್ಪ್ಯಾನಿಷ್ ಬಾರದವನು ಒಬ್ಬನೂ ಇಲ್ಲ, ನ್ಯಾಯಾಧೀಶ ಪೊನ್ಸೆ ಊರಿನವನು, ಸರ್ಕಾರಿ ವಕೀಲೆ ಪಗಾನ್ ಬಯಾಮೋನಿನವಳು, ನನ್ನ ಹಿಂದೆ ಕಾವಲು ನಿಂತಿರುವ ಮಾರ್ಷಲ್ ಬೆಳಗ್ಗೆ ಲಿಫ್ಟಿನಲ್ಲಿ ಇನ್ನೊಬ್ಬನ ಜೊತೆ ಹಂದಿ ಸುಡುವಾಗ ಉಪ್ಪು ಮೊದಲೋ ಬೆಳ್ಳುಳ್ಳಿ ಮೊದಲೋ ಎಂದು ಸ್ಪ್ಯಾನಿಷಿನಲ್ಲೇ ಕಚ್ಚಾಡುತ್ತಿದ್ದ, ಬಾಗಿಲು ದಾಟಿದ ಕೂಡಲೇ ಎಲ್ಲರ ನಾಲಗೆಯೂ ವಾಷಿಂಗ್ಟನ್ನಿಗೆ ಹಾರಿಹೋಯಿತು, ಇದು ಅಮೆರಿಕದ ಫೆಡರಲ್ ಕೋರ್ಟು, ಇಲ್ಲಿ ಇಂಗ್ಲಿಷೇ ಆಗಬೇಕು, ನಮ್ಮ ಪೋರ್ಟೊ ರಿಕೊ ದ್ವೀಪ ಬಾಗಿಲಾಚೆ ಉಳಿಯಿತು. ಹಿಂದಿನ ಬೆಂಚುಗಳಲ್ಲಿ ಕೂತವರಿಗೆ ಹೆಡ್‌ಫೋನ್ ಇಲ್ಲ. ಅಲ್ಲಿ ಅಮ್ಮ ಕೂತಿದ್ದಾಳೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಅವಳ ಪಾಲಿಗೆ ಈ ಕೋಣೆಯಲ್ಲಿ ಪ್ರಶ್ನೆಗಳೇ ಇಲ್ಲ, ನನ್ನ ಉತ್ತರಗಳು ಮಾತ್ರ ಇವೆ.

ಸಾಕ್ಷಿ ಕಟ್ಟೆಯಲ್ಲಿ ಬೆನಾಬೆ, ಬಿಳಿ ಲಿನನ್ ಕೋಟು, ಕಾಲ ಮೇಲೆ ಕಾಲು, ತನ್ನ ಮನೆಯ ಪಡಸಾಲೆಯಲ್ಲಿ ಕೂತ ಹಾಗೆ — ನನ್ನ ವಕೀಲನಾಗಿದ್ದವನು, ನನಗೆ ಇಪ್ಪತ್ತೆರಡು ವರ್ಷ ಕೊಡಿಸಿದವನು, ನಿನ್ನ ವಂಶ ಹಾಳಾಗ. ವಕೀಲನ ಮೇಲೆ ದೂರು ಕೊಟ್ರೆ ಗುಟ್ಟಿನ ಬೀಗ ಒಡೆದ ಹಾಗೆ ಮೊನ್ಸೆ, ನೀನು ಅವನಿಗೆ ಹೇಳಿದ್ದನ್ನೆಲ್ಲ ಅವನು ಇಲ್ಲಿ ಬಂದು ಕಕ್ಕಬಹುದು, ಅಂದಿದ್ದರು ಇರಿಸಾರಿ, ಆ ಶಿಕ್ಷೆ ರದ್ದು ಮಾಡಿ ಎನ್ನುವ ಈ ಅರ್ಜಿಗೆಂದು ಕೋರ್ಟೇ ನನಗೆ ಕೊಟ್ಟ ವಕೀಲೆ, ಸವೆದ ಬೂಟಿನ ಹೆಂಗಸು, ಒಳ್ಳೆಯವರು. ಕಕ್ಕಲಿ ಬಿಡಿ ಮೇಡಂ, ಅವನ ಹೊಟ್ಟೇಲಿ ನನ್ನದೇನೂ ಇಲ್ಲ, ಅಂದಿದ್ದೆ ನಾನು, ಎಂಥ ಪೆದ್ದ. ಕಕ್ಕದಿದ್ದರೇನಾಯಿತು, ಕಟ್ಟಿ ಹೇಳಬಹುದಲ್ಲ. ಹೇಳುತ್ತಿದ್ದಾನೆ, ಅವನ ದಪ್ಪ ದನಿ ಇಂಗ್ಲಿಷಿನಲ್ಲಿ ಗುಡುಗುತ್ತದೆ, ನನ್ನ ಕಿವಿಯಲ್ಲಿ ನೆಗಡಿ ಹೆಂಗಸಿನ ಸಣ್ಣ ದನಿ ಅದನ್ನೇ ಅನ್ನುತ್ತದೆ, ನಾನು ಅವನಿಗೆ ಸ್ಪಷ್ಟವಾಗಿ ತಿಳಿಸಿದೆ, ಸರ್ಕಾರ ಐದು ವರ್ಷಕ್ಕೆ ಒಪ್ಪುತ್ತದೆ, ತಪ್ಪೊಪ್ಪಿಕೋ ಎಂದೆ, ಅವನು ಒಂದು ದಿನವೂ ಬೇಡ ಎಂದ — ಅವನು ಅನ್ನುವ 'ನಾನು' ಈ ಹೆಂಗಸಿನ ಬಾಯಲ್ಲಿ 'ನಾನು' ಆಗಿಯೇ ಬರುತ್ತದೆ, ನನ್ನ ತಲೆಯೊಳಗೆ ಕೂತು ಬೆನಾಬೆ ಹೆಂಗಸಿನ ದನಿಯಲ್ಲಿ ಸುಳ್ಳು ಹೇಳುತ್ತಿದ್ದಾನೆ. ಎಲ್ಲಿ ಹೇಳಿದೆಯೋ, ಯಾವಾಗ ಹೇಳಿದೆಯೋ. ಗ್ವಾಯ್ನಾಬೊ ಜೈಲಿಗೆ ನೀನು ಬಂದಾಗಲೆಲ್ಲ ಬಾಯಲ್ಲಿ ಬೆಳ್ಳುಳ್ಳಿ ಸೀಗಡಿಯ ವಾಸನೆ, ಕಣ್ಣು ಗಡಿಯಾರದ ಮೇಲೆ. ನಾನೇ ಕೇಳಲಿಲ್ಲವೇ, ನನ್ನ ಜೊತೆ ಸಿಕ್ಕಿಬಿದ್ದ ಚೆಗೊಗೆ ಐದು ವರ್ಷವಂತೆ, ಉಳಿದಿಬ್ಬರಿಗೂ ಐದಂತೆ, ನನಗೇನೂ ಇಲ್ವಾ ವಕೀಲರೇ. ನಿನಗ್ಯಾಕಯ್ಯಾ ಅದೆಲ್ಲ, ನೀನು ಮೋಟಾರ್ ರಿಪೇರಿಯವನು, ಜ್ಯೂರಿಯವರು ನಿನ್ನ ಕೈಗೆ ಅಂಟಿರೋ ಗ್ರೀಸ್ ನೋಡಿ ಮನೆಗೆ ಕಳಿಸ್ತಾರೆ, ಸುಮ್ನಿರು. ಸುಮ್ಮನಿದ್ದೆ. ಸರ್ಕಾರದವರು ನನ್ನ ಹೆಸರಿಗೂ ಐದು ಎಂದು ಕಳಿಸಿದ್ದ ಸಂದೇಶ ಅವನ ಕಂಪ್ಯೂಟರಿನಲ್ಲಿ ಕೊಳೆಯುತ್ತಿತ್ತು, ಆ ವಾರ ಅವನಿಗೆ ಮಗಳ ಮದುವೆ. ಈಗ ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನ ಕಕ್ಷಿದಾರನೇ ಹಟಮಾರಿ ಎನ್ನುತ್ತಾನೆ. ಇಳಿದು ಬರುವಾಗ ನನ್ನ ಕಡೆ ನೋಡಿ ತಲೆಯಾಡಿಸಿದ, ಪಾಪದ ಹುಡುಗ ಎನ್ನುವ ಹಾಗೆ, ನನ್ನ ಕಾಲಿಗೆ ಸರಪಳಿ ಇರುವುದರಿಂದ ಬದುಕಿದ.

ಆ ಕೈಯ ಗ್ರೀಸು. ನಾಗ್ವಾಬೊ ಕಡಲ ದಂಡೆಯಲ್ಲಿ ಯಾರ ದೋಣಿಯ ಮೋಟಾರು ಕೆಮ್ಮಿದರೂ ಮೊನ್ಸೆಯನ್ನೇ ಕರೆಯುತ್ತಿದ್ದರು, ಅವತ್ತು ಚೆಗೊ ಕರೆದ, ಬಾರೋ ಮಗಾ, ಕೋತಿ ದ್ವೀಪದ ಹತ್ತಿರ ನಿಂತುಹೋಗಿದೀವಿ, ಇಂಧನ ಎಳೀತಿಲ್ಲ. ಹೋದೆ. ದ್ವೀಪದ ಕಲ್ಲಿನ ಮೇಲೆ ಕೋತಿಗಳು ಸಾಲಾಗಿ ಕೂತು ನಮ್ಮನ್ನೇ ನೋಡುತ್ತಿದ್ದವು, ಸಂಶೋಧನೆಗೆಂದು ಯಾವುದೋ ಕಾಲದಲ್ಲಿ ತಂದು ಬಿಟ್ಟವು, ಅವುಗಳಿಗೂ ಎದೆಯ ಮೇಲೆ ನಂಬರು ಬರೆದಿರುತ್ತಾರೆ — ದೋಣಿಯ ಮುಂಭಾಗದಲ್ಲಿ ನೀಲಿ ತಾಡಪಾಲು, ಕೆಳಗೆ ಏನೋ ಗುಪ್ಪೆ. ಏನದು ಅಂತ ನೀನು ಕೇಳಲಿಲ್ಲವೇ, ಎಂದು ವಿಚಾರಣೆಯಲ್ಲಿ ಎಷ್ಟು ಬಾರಿ ಕೇಳಿದರು, ಕೇಳಲಿಲ್ಲ ಸ್ವಾಮಿ, ನಮ್ಮ ದಂಡೆಯಲ್ಲಿ ತಾಡಪಾಲಿನ ಕೆಳಗೆ ಏನಿದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ, ಕೇಳಿದವನ ದೋಣಿಗೆ ಬೆಂಕಿ ಬೀಳುತ್ತದೆ, ಇಲ್ಲವೇ ಅವನಿಗೇ. ಇಂಧನದ ಕೊಳವೆ ಬಾಯಲ್ಲಿಟ್ಟು ಎಳೆಯುತ್ತಿದ್ದೆ, ಪೆಟ್ರೋಲು ನಾಲಗೆಗೆ ಬಂತು, ಅದೇ ಹೊತ್ತಿಗೆ ಕಾವಲು ದೋಣಿಯ ಬೆಳಕು ಕಣ್ಣಿಗೆ ಬಂತು. ಕೊಕೇನು, ಜೊತೆಗೆ ಒಂದು ಬಂದೂಕು, ನಾಲ್ಕು ಜನ. ಮಾಡಿದವರು ಮೂವರು ಮಾಡಿದೆವು ಎಂದು ಐದು ವರ್ಷ ತೆಗೆದುಕೊಂಡು ಮುಗಿಸಿಯೂ ಬಂದರು, ಚೆಗೊ ಈಗ ದಂಡೆಯಲ್ಲಿ ಮೀನು ತುಂಬಿದ ಪಾಸ್ತೆಲಿಯೊ ಕಡುಬು ಕರಿದು ಮಾರುತ್ತಾನಂತೆ, ಅಮ್ಮನನ್ನು ಕಂಡರೆ ಎರಡು ಬಿಸಿಯಾಗಿ ಕಟ್ಟಿಕೊಡುತ್ತಾನಂತೆ, ಅಮ್ಮ ಅದನ್ನು ನಾಯಿಗೆ ಹಾಕುತ್ತಾಳಂತೆ. ಮಾಡಿಲ್ಲ ಎಂದವನು ಒಬ್ಬ, ಅವನಿಗೆ ಇಪ್ಪತ್ತೆರಡು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ, ತಿನ್ನದವನಿಗೆ ಇವರು ಇಡೀ ಕಡಲನ್ನೇ ಕುಡಿಸಿದರು.

ಮೊನ್ಸೆರಾತೆ ಲೆಬ್ರೋನ್, ಎದ್ದು ಬಾ. ಸರಪಳಿ ಎಳೆದುಕೊಂಡು ನಾಲ್ಕು ಹೆಜ್ಜೆ, ಕೈ ಎತ್ತು, ಸತ್ಯವನ್ನೇ ಹೇಳುತ್ತೇನೆ, ಹೇಳುತ್ತೇನೆ — ಇಲ್ಲಿಂದ ಅಮ್ಮ ನೇರ ಕಾಣುತ್ತಾಳೆ. ಕಂದು ಬಣ್ಣದ ನಿಲುವಂಗಿ, ಸೊಂಟಕ್ಕೆ ಬಿಳಿ ಹುರಿ, ಕಾರ್ಮೆನ್ ಮಾತೆಗೆ ಹೊತ್ತ ಹರಕೆ, ನನ್ನ ಮಗ ತಪ್ಪಿಲ್ಲದವನು ಎಂದು ಲೋಕಕ್ಕೆ ಗೊತ್ತಾಗುವವರೆಗೂ ಇದನ್ನು ಬಿಚ್ಚುವುದಿಲ್ಲ ತಾಯಿ ಎಂದು ತೀರ್ಪಿನ ದಿನವೇ ತೊಟ್ಟವಳು, ಮದುವೆಗೂ ಇದೇ, ಸಾವಿಗೂ ಇದೇ, ಬೇಸಿಗೆಯ ಧಗೆಯಲ್ಲಿ ಮೀನು ಮಾರುಕಟ್ಟೆಗೂ ಇದೇ, ಒಗೆದು ಒಗೆದು ಕಂದು ಬಣ್ಣ ಮಣ್ಣಿನ ಬಣ್ಣವಾಗಿದೆ, ಹುರಿಯ ಗಂಟು ಮಾತ್ರ ಅವತ್ತು ಹಾಕಿದ್ದೇ, ಸ್ನಾನಕ್ಕೂ ಬಿಚ್ಚದೆ ಮೇಲಿಂದ ಜಾರಿಸಿ ತೆಗೆಯುತ್ತಾಳಂತೆ. ಅವಳ ಬೆರಳುಗಳು ಆ ಗಂಟಿನ ಮೇಲಿವೆ, ಜಪದ ಮಣಿ ಹಿಡಿದ ಹಾಗೆ. ನನ್ನನ್ನು ನೋಡಿ ಗಲ್ಲ ಎತ್ತಿದಳು, ನೆಟ್ಟಗೆ ಕೂತ್ಕೋ ಎಂದು, ಚಿಕ್ಕಂದಿನಲ್ಲಿ ಚರ್ಚಿನ ಪೂಜೆಯ ಹೊತ್ತಿಗೆ ಮಾಡುತ್ತಿದ್ದಂತೆ. ನೆಟ್ಟಗೆ ಕೂತೆ. ಅಮ್ಮಾ, ನಿನಗೆ ಯಾರೂ ಹೇಳಿಲ್ಲ. ಇಲ್ಲಿ ನಾನು ತಪ್ಪಿಲ್ಲದವನು ಎಂದು ತೋರಿಸಲು ಬಂದಿಲ್ಲ, ಆ ಬಾಗಿಲು ಮುಚ್ಚಿ ಯಾವ ಕಾಲವಾಯಿತು. ಎರಡೇ ವಿಷಯ ರುಜುವಾತು ಮಾಡ್ಬೇಕು ಮೊನ್ಸೆ, ಅಂದಿದ್ದರು ಇರಿಸಾರಿ, ಒಂದು, ಬೆನಾಬೆ ಐದು ವರ್ಷದ ವಿಷಯ ನಿನಗೆ ಮುಟ್ಟಿಸಲಿಲ್ಲ ಅನ್ನೋದು. ಇನ್ನೊಂದು, ಮುಟ್ಟಿಸಿದ್ರೆ ನೀನು ಒಪ್ಕೊಳ್ತಿದ್ದೆ ಅನ್ನೋದು. ಒಪ್ಕೊಳ್ಳೋದು ಅಂದ್ರೆ ಏನನ್ನ ಅಂತ ಅವರು ಕೇಳೇ ಕೇಳ್ತಾರೆ. ಏನು ಹೇಳಲಿ ಮೇಡಂ. ಏನು ಹೇಳು ಅಂತ ನಾನು ಹೇಳೋ ಹಾಗಿಲ್ಲ, ನಾನು ಹೇಳಿಕೊಟ್ರೆ ನನಗೂ ನಿನ್ನ ಪಕ್ಕದ ಸೆಲ್ಲು ಕೊಡ್ತಾರೆ — ಎಂದು ನಕ್ಕರು, ಆಮೇಲೆ ನಗು ನಿಲ್ಲಿಸಿ ಮೇಜಿನ ಮೇಲೆ ಏನೂ ಇಲ್ಲದ ಕಡೆ ಒರೆಸಿದರು. ಅಮ್ಮನಿಗೆ ಹೇಗೆ ತಿಳಿಸಲಿ, ಫೋನಿನಲ್ಲಿ ಹೇಳುವ ಹಾಗಿಲ್ಲ, ಜೈಲಿನ ಫೋನಿಗೆ ಕಿವಿ ಇದೆ, ಈ ಅರ್ಜಿಗೆಂದು ನನ್ನನ್ನು ತಂದಿಟ್ಟ ಇಲ್ಲಿನ ಜೈಲಿನಲ್ಲಿ ಭೇಟಿಗೆ ಅವಳ ಹೆಸರು ಇನ್ನೂ ಮಂಜೂರಾಗಿರಲಿಲ್ಲ. ಹಾಗಾಗಿ ಅಮ್ಮ ಇವತ್ತು ಮಗನ ಸತ್ಯ ಹೊರಬೀಳುವ ದಿನ ಎಂದುಕೊಂಡು, ತಲೆಗೆ ಎಣ್ಣೆ ಹಚ್ಚಿ, ಮೊದಲ ಬಸ್ಸು ಹಿಡಿದು ಬಂದಿದ್ದಾಳೆ.

ಇರಿಸಾರಿ ಮೆಲ್ಲಗೆ ಕೇಳಿದರು, ನಾನು ಮೆಲ್ಲಗೆ ಹೇಳಿದೆ, ಇಲ್ಲ, ಅವರು ನನಗೆ ಹೇಳಲೇ ಇಲ್ಲ, ಹೌದು, ಹೇಳಿದ್ದರೆ ಐದು ವರ್ಷ ತಗೊಳ್ತಿದ್ದೆ — ಅಮ್ಮನ ಹುಬ್ಬು ಗಂಟಿಕ್ಕಿತು, ಏನು ತಗೊಳ್ಳೋದು, ಯಾಕೆ ತಗೊಳ್ಳೋದು, ಪಕ್ಕದ ಹೆಂಗಸನ್ನು ಕೇಳುತ್ತಿದ್ದಾಳೆ, ಆ ಹೆಂಗಸಿಗೆ ತನ್ನ ಮಗನ ಚಿಂತೆ. ಆಮೇಲೆ ಪಗಾನ್ ಎದ್ದಳು. ಹಾವು ಎದ್ದ ಹಾಗಲ್ಲ, ಪಾಠ ಕಲಿಸುವ ಟೀಚರು ಎದ್ದ ಹಾಗೆ, ಅದೇ ಭಯ. ಒಂದು ಧ್ವನಿಮುದ್ರಣ ಕೇಳಿಸಲು ಅನುಮತಿ ಬೇಕು ಎಂದಳು, ಕಿವಿಯ ಹೆಂಗಸೂ ಎಂದಳು, ಗೋಡೆಯ ಸ್ಪೀಕರು ಗೊರ್ ಎಂದಿತು, ಈ ಕರೆ ಫೆಡರಲ್ ಸೆರೆಮನೆಯಿಂದ ಬರುತ್ತಿದೆ — ಅಯ್ಯೋ — ಆಯ್ತಮ್ಮಾ, ಗೊತ್ತಾಯ್ತು, ದೇವರು ನಿನಗೂ ಒಳ್ಳೇದು ಮಾಡ್ಲಿ, ಇದು ಅಮ್ಮ, ಯಂತ್ರದ ಹೆಂಗಸಿಗೂ ಉತ್ತರ ಕೊಡುವವಳು ಲೋಕದಲ್ಲಿ ಇವಳೊಬ್ಬಳೇ, ಮಾರ್ಷಲ್ ಕೂಡ ನಕ್ಕುಬಿಟ್ಟ. ಚಂಡಮಾರುತ ಬಂದು ಹೋದ ಮೇಲಿನ ಮೊದಲ ಕರೆ ಅದು. ನಾನು ಆಗ ಕಡಲಾಚೆ, ಅಮೆರಿಕದ ಉತ್ತರಕ್ಕೆ, ಹಿಮ ಬೀಳುವ ಊರಿನ ಜೈಲಿನಲ್ಲಿದ್ದೆ, ಹಿಂದೆ ಸಾಲು ನಿಂತವರು ಬೇಗ ಮುಗ್ಸೋ ಲೇ ಎಂದು ಬಯ್ಯುತ್ತಿದ್ದರು. ಸೂರೆಲ್ಲ ಹಾರಿಹೋಯ್ತು ಮಗಾ, ಮಂಚದ ಮೇಲೆ ಆಕಾಶ. ಚೆಗೊ ಬಂದು ತಗಡು ಹೊದಿಸ್ಕೊಡ್ತೀನಿ ಅಂದ, ನಮ್ಮ ಮನೆ ಮೆಟ್ಲು ಹತ್ತಬೇಡ ಅಂದೆ. ಪಾದ್ರಿ ಮನೆ ಅಡಿಗೆಯವಳು ಏನಂದ್ಲು ಗೊತ್ತಾ, ನಿನ್ನ ಮಗನೂ ಚೆಗೊ ಥರ ಹೂಂ ಅಂದಿದ್ರೆ ಈಗ ಸೂರು ಹೊದಿಸೋಕೆ ಮನೇಲಿರ್ತಿದ್ದ ಅಂತ. ಅವಳ ನಾಲಗೆಗೆ ಹುಳ ಬೀಳ. ಆಮೇಲೆ ಅಮ್ಮ ಅತ್ತಳು, ಆ ಅಳು ಈಗ ಗೋಡೆಯಿಂದ ಬರುತ್ತಿದೆ, ನ್ಯಾಯಾಧೀಶ ಕನ್ನಡಕ ತೆಗೆದ, ಆಮೇಲೆ ನಾನು, ನನ್ನದೇ ದನಿ, ಎಷ್ಟು ಎಳೆಯದು, ಎಷ್ಟು ಜಂಭದ್ದು — ಅಳಬೇಡಮ್ಮಾ. ಐದು ವರ್ಷ ಅಲ್ಲ, ಐದು ದಿನ ಕೊಟ್ಟಿದ್ರೂ ನಾನು ಒಪ್ತಿರಲಿಲ್ಲ. ಮಾಡದೇ ಇರೋದನ್ನ ಮಾಡ್ದೆ ಅಂತ ನಿನ್ನ ಮಗ ಹೇಳ್ತಾನಾ?

ಪೆದ್ದ, ಪೆದ್ದ, ಪೆದ್ದ, ಕರೆ ಶುರುವಾಗುವಾಗಲೇ ಯಂತ್ರ ಡಂಗುರ ಹೊಡೆಯುತ್ತದೆ, ದಾಖಲಾಗುತ್ತಿದೆ, ಕೇಳಿಸಿಕೊಳ್ಳುತ್ತಿದ್ದೇವೆ, ಒಳಗಿದ್ದವರೆಲ್ಲ ಅದನ್ನು ಕೇಳಿ ಕೇಳಿ ಮಳೆಯ ಸದ್ದಿನಂತೆ ಮರೆತುಬಿಡುತ್ತೇವೆ, ಹೆಂಡತಿಯ ಜೊತೆ ಜಗಳ, ಕಂದನ ಜೊತೆ ಲಲ್ಲೆ, ಅಮ್ಮನ ಮುಂದೆ ಪೌರುಷ. ಆಗ ನನಗೇನು ಗೊತ್ತಿತ್ತು ನನ್ನ ಹೆಸರಿಗೂ ಐದು ಬಂದಿತ್ತು ಎಂದು, ಗೊತ್ತಿದ್ದರೆ ಹಾಗೆ ಅನ್ನುತ್ತಿದ್ದೆನೇ, ಅನ್ನುತ್ತಿದ್ದೆನೋ ಏನೋ, ಆ ಅಳು ಕೇಳಿದವನು ಇನ್ನೇನು ಅನ್ನಬೇಕಿತ್ತು. ಬೆಂಚಿನಲ್ಲಿ ಅಮ್ಮ ಎದ್ದು ನಿಂತಿದ್ದಾಳೆ. ಬೆಳಗಿನಿಂದ ಈ ಕೋಣೆಯಲ್ಲಿ ಅವಳಿಗೆ ಪೂರ್ತಿ ಅರ್ಥವಾದದ್ದು ಇದೊಂದೇ. ಅದೇ, ಅದೇ, ಕೇಳ್ಸ್ಕೊಳ್ರಪ್ಪಾ, ಅವನೇ ನನ್ನ ಮಗ, ಎಂದಳು, ಮುಖ ಬೆಳಗುತ್ತಿತ್ತು, ಸೂರು ಹಾರಿಹೋದ ಮನೆಯಲ್ಲಿ ಈ ಒಂದು ಮಾತನ್ನು ಹೊದ್ದು ಮಲಗಿದವಳು, ಕೂತ್ಕೊಳ್ಳಮ್ಮ, ಕೂತ್ಕೊಳ್ಳಮ್ಮ ಎಂದು ಬಾಗಿಲಿನವನು ಭುಜ ಮುಟ್ಟಿದ, ಕೈ ತೆಗಿಯೋ, ಎಂದಳು, ಕೂತಳು, ಬೆರಳು ಮತ್ತೆ ಗಂಟಿಗೆ. ಐದು ವರ್ಷವನ್ನು ಇವನು ಒಪ್ಪುತ್ತಲೇ ಇರಲಿಲ್ಲ ಎಂದು ಪಗಾನ್ ಮುಗಿಸಿದಳು, ಹಲ್ಲು ಕಿರಿಯಲೂ ಇಲ್ಲ, ಅದು ನನಗೆ ಇನ್ನೂ ಉರಿಯಿತು. ಇರಿಸಾರಿ ನನ್ನ ಕಡೆ ನೋಡಲಿಲ್ಲ.

ನ್ಯಾಯಾಧೀಶ ಮುಂದಕ್ಕೆ ಬಾಗಿದ. ನೀವೇ ಕೇಳುತ್ತೀರಾ ದೊರೆಯೇ, ಕೇಳಿ, ಮೊದಲ ಸಲ ಇಪ್ಪತ್ತೆರಡು ಅಂದದ್ದೂ ಇದೇ ಬಾಯಿ, ಅಂದಾದ ಮೇಲೆ ಗಡಿಯಾರ ನೋಡಿ ಊಟದ ಬಿಡುವು ಕೊಟ್ಟ ಬಾಯಿ. ಇಂಗ್ಲಿಷು ಗಾಳಿಯಲ್ಲಿ, ಮಿಠಾಯಿ ಹಲ್ಲಿಗೆ ಟಕ್, ಪ್ರಶ್ನೆ ನನ್ನ ಕಿವಿಗೆ ಮಾತ್ರ, ಬೇರೆ ಯಾರ ತಾಯಿಗೂ ಅಲ್ಲ — ಶ್ರೀ ಲೆಬ್ರೋನ್, ನಿಮ್ಮ ತಾಯಿಗೆ ಹಾಗೆ ಹೇಳಿದಿರಲ್ಲ, ಅದು ನಿಜವೋ, ಇಲ್ಲಿ ಹೇಳಿದ್ದು ನಿಜವೋ. ನಿಜವಾ. ನಿಮಗೆ ನಿಜ ಬೇಕಾ. ನಿಜ ಹೇಳಿದಾಗ ಇಪ್ಪತ್ತೆರಡು ಕೊಟ್ಟವರು ನೀವು, ಈಗ ನಿಜ ಹೇಳಿದರೆ ಉಳಿದದ್ದನ್ನೂ ಅನುಭವಿಸು ಎಂದು ಹಿಮದ ಊರಿಗೆ ವಾಪಸು ಅಟ್ಟುತ್ತೀರಿ, ನಾನು ಹೊರಬರುವಾಗ ಅಮ್ಮ ಮಣ್ಣಲ್ಲಿರುತ್ತಾಳೆ, ಅದೇ ಕಂದು ಬಟ್ಟೆಯಲ್ಲಿ, ಅದೇ ಗಂಟಿನ ಜೊತೆ. ಸುಳ್ಳು ಹೇಳಿದರೆ ನನ್ನ ಐದು ಯಾವತ್ತೋ ತೀರಿದೆ, ಮನೆ, ತಗಡು ಹೊದಿಸಬೇಕು, ಅವಳ ಕೈಯ ಕಾಫಿ. ಸತ್ಯವಂತರಿಗೆ ಇದು ಕಾಲವಲ್ಲ ಎನ್ನುವುದು ಗಾದೆಯಲ್ಲ, ಇದು ಇವರ ಕಾನೂನು. ಅಮ್ಮ ಗಲ್ಲ ಎತ್ತಿದ್ದಾಳೆ, ಹೇಳು ಮಗಾ, ಹೆದರಬೇಡ. ಕಿವಿ ಮುಚ್ಚಿಕೋ ಅಮ್ಮಾ. ದಯವಿಟ್ಟು ಉತ್ತರಿಸಿ, ಎಂದಳು ಕಿವಿಯ ಹೆಂಗಸು, ತನ್ನ ಪಾಡಿಗೆ, ಮೂಗೆಳೆದುಕೊಂಡು.

ಅಮ್ಮನಿಗೆ ಹೇಳಿದ್ದು ಸುಳ್ಳು, ಎಂದೆ.

ಸ್ಪ್ಯಾನಿಷಿನಲ್ಲಿ, ಜೋರಾಗಿ, ಮೈಕಿನಲ್ಲಿ, ಅದು ಕೋಣೆಯ ಹಿಂಗೋಡೆಗೆ ಹೋಗಿ ಬಡಿಯಿತು, ಆಮೇಲೆ ಗೂಡಿನ ಹೆಂಗಸು ಅದನ್ನು ಇಂಗ್ಲಿಷು ಮಾಡಿದಳು, ಅದು ಬೇಕಿರಲಿಲ್ಲ, ಯಾರಿಗೂ ಬೇಕಿರಲಿಲ್ಲ. ಅಮ್ಮನ ಗಲ್ಲ ಎತ್ತಿದಲ್ಲೇ ಇದೆ, ಇನ್ನೂ ಇಳಿದಿಲ್ಲ, ಮಾತು ಅವಳ ತನಕ ಹೋಗುತ್ತಿದೆ. ಕಿವಿಯಲ್ಲಿ, ಹಾಗಾದರೆ ದೋಣಿಯಲ್ಲಿ ಏನಿತ್ತು ಎಂದು ನಿಮಗೆ ಗೊತ್ತಿತ್ತೇ — ನೀಲಿ ತಾಡಪಾಲು, ಕೋತಿಗಳು, ನಾಲಗೆಯ ಮೇಲೆ ಪೆಟ್ರೋಲು — ಗೊತ್ತಿತ್ತು. ಕಿವಿಯಲ್ಲಿ, ಗೊತ್ತಿದ್ದೂ ಸಹಾಯ ಮಾಡಿದಿರಾ — ಮಾಡಿದೆ. ಅಷ್ಟೇ, ಅವಳಿಗೆ ಕೇಳಿಸಿದ್ದು ಇಷ್ಟೇ, ಅಮ್ಮನಿಗೆ ಹೇಳಿದ್ದು ಸುಳ್ಳು, ಗೊತ್ತಿತ್ತು, ಮಾಡಿದೆ. ನ್ಯಾಯಾಧೀಶ ಏನೋ ಹೇಳುತ್ತಿದ್ದಾನೆ, ಕಾಗದ ಮಗುಚುತ್ತಾನೆ, ಕಿವಿಯ ಹೆಂಗಸು ಅನ್ನುತ್ತಾಳೆ, ಅರ್ಜಿ ಮಂಜೂರು, ಹಳೆಯ ಶಿಕ್ಷೆ ರದ್ದು, ಐದು ವರ್ಷದ ಪ್ರಸ್ತಾಪಕ್ಕೆ ಮತ್ತೆ ಜೀವ, ಇರಿಸಾರಿ ನನ್ನ ತೋಳು ಹಿಡಿದು ಅಲ್ಲಾಡಿಸುತ್ತಿದ್ದಾರೆ, ಮೊನ್ಸೆ, ಮೊನ್ಸೆ, ಮನೆಗೆ ಹೋಗ್ತೀಯ ಕಣೋ — ಅಮ್ಮನ ಗಲ್ಲ ಇಳಿಯಿತು. ಬೆರಳು ಗಂಟಿನ ಮೇಲೆ, ಜಪವಲ್ಲ, ಉಗುರಿನಿಂದ ಕೆದಕುತ್ತಿದ್ದಾಳೆ, ಬಿಚ್ಚಲು, ಇಷ್ಟು ವರ್ಷದ ಬೆವರು ಕುಡಿದ ಗಂಟು ಬಿಚ್ಚುವುದಿಲ್ಲ, ಅಮ್ಮಾ ಬೇಡ, ಅಮ್ಮಾ ನನ್ನನ್ನು ನೋಡು, ನಾನು ಮಾಡಿಲ್ಲ, ಬಾಯಿ ತೆರೆಯುವ ಹಾಗಿಲ್ಲ, ಮೈಕು ಇನ್ನೂ ಇದೆ, ಈಗ ಮಾಡಿಲ್ಲ ಎಂದರೆ ಎಲ್ಲ ಹೋಯಿತು, ಪಗಾನ್ ನನ್ನ ತುಟಿಯನ್ನೇ ನೋಡುತ್ತಿದ್ದಾಳೆ — ಅಮ್ಮ ಹುರಿಯನ್ನು ಎಳೆದು ಎಳೆದು ಎದೆಯ ತನಕ ತಂದಳು, ಬಗ್ಗಿದಳು, ಗಂಟಿಗೆ ಬಾಯಿ ಹಾಕಿದಳು, ಉಳಿದಿರುವ ಮುಂದಿನ ಹಲ್ಲಿನಿಂದ, ಬಲೆಯ ಸಿಕ್ಕು ಬಿಡಿಸುವಾಗ ಕಚ್ಚುತ್ತಿದ್ದ ಹಾಗೆ — ಅರ್ಥವಾಯಿತೇ ಶ್ರೀ ಲೆಬ್ರೋನ್, ಕಿವಿಯಲ್ಲಿ, ನಿಮಗೆ ಅರ್ಥವಾಯಿತೇ — ಬಾಯಲ್ಲಿ ಹುರಿ, ಕತ್ತು ಒಂದು ಕಡೆ ವಾಲಿದೆ, ಕಣ್ಣು ನನ್ನ ಮೇಲೆ ಇಲ್ಲ, ಗಂಟಿಗೆ ಹಲ್ಲು, ಅಮ್ಮನ ಹಲ್ಲು, ಗಂಟಿಗೆ